ಉಪ್ಪಿಗೊಂದು ಮೀನು

ಜೆಪ್ಪುವಿನ ಹಳೆ ಹೆಂಚಿನ ಕಾರ್ಖಾನೆಯ ಹಿಂದೆ
ನಮ್ಮ ಶೆಡ್ಡು.
ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು.
ಹತ್ತೂವರೆಗೆ ಅದರಿಂದ ಇಳಿಯುವ ಚೌಕದ ಬಿಸಿಲಿಗೆ
ಹಿಡಿದು ನೋಡದೆ ಇದಿನಬ್ಬ
ಯಾವ ಬಣ್ಣಕ್ಕೂ ಹೆಸರು ಹೇಳುವವನಲ್ಲ.

ಮೂವತ್ತು ವರ್ಷ ದಕ್ಕೆಯಲ್ಲಿ
ಬೋಟುಗಳಿಗೆ ಬೆಸುಗೆ ಹಾಕಿದ ಕೈ ಅವನದು.
ಗೀಚುವುದು, ಕತ್ತರಿಸುವುದು, ಬಡಿಯುವುದು ನಾನು.
ಬೆಂಕಿಯನ್ನು ಮಾತ್ರ ಮುಟ್ಟಲು ಬಿಡುವುದಿಲ್ಲ.

ಈ ಸಲ ಬಂದದ್ದು ಕಸ್ತೂರಿ ಪೈಗಳ ಮನೆಯ ಹಂಡೆ.
"ಸೋಲಾರ್ ಹಾಕಿಸಿದ ಮೇಲೆ ಬಚ್ಚಲಲ್ಲಿ ಕಾಲಿಗೆ ಅಡ್ಡ ಅಷ್ಟೆ, ಮಾರಾಯ್ತಿ.
ಹಾಲಿನ ಗೋಡೆಗೆ ಎಂತಾದರೂ ಮಾಡಿಕೊಡು.
ಬಂಗುಡೆ ಆದೀತು."

ಹೊರಗೆ ಬೆರಳು ಊರುವಷ್ಟು ಮಸಿ.
ಒಳಗೆ, ನೀರು ನಿಲ್ಲುತ್ತಿದ್ದ ಎತ್ತರಕ್ಕೆ ಬಿಳಿ ಗೆರೆ.
ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರು:
ಸೀತಾಬಾಯಿ, ೧೯೫೮.

ಎರಡು ದಿನ ಬಿಂಬುಳಿ ಜಜ್ಜಿ ಉಜ್ಜಿದೆ.
ಉಗುರಿನ ಸಂದಿಯೆಲ್ಲ ಉರಿ.

ಹಂಡೆಯ ಹೊಟ್ಟೆ ಸುಲಭಕ್ಕೆ ಚಪ್ಪಟೆಯಾಗುವುದಿಲ್ಲ.
ಅಷ್ಟು ವರ್ಷ ಗುಂಡಗಿದ್ದದ್ದರ ಹಠ ಅದಕ್ಕೆ.
ಬಡಿದಷ್ಟೂ ಗಡುಸು.
ಕೆಂಪಗೆ ಕಾಯಿಸಿ ನೀರಿಗಿಳಿಸಿದರೆ
ಒದ್ದೆ ಬೈರಾಸಿನ ಹಾಗೆ ಮಣಿದು,
ನಾಲ್ಕು ಪೆಟ್ಟಿಗೆ
ಮತ್ತೆ ಮುಖ ಊದಿಸುತ್ತದೆ.

ಹೆಸರು ಒಂದೇ ಮೀನಿನ ಬೆನ್ನಿಗೆ ಬರಲೆಂದು
ಪೆನ್ಸಿಲಿನಲ್ಲಿ ಮೂರು ಸಲ ಗೀಚಿ ಅಳಿಸಿದ್ದೆ.
ಕತ್ತರಿ ಜಾರಿತು.
ಸೀತಾ ಒಂದರ ಬಾಲಕ್ಕೆ ಹೋಯಿತು,
ಇಸವಿ ಚೂರುಗಳ ಡಬ್ಬಕ್ಕೆ.
ಬಾಯಿ ಮಾತ್ರ ಇಡಿಯಾಗಿ
ಹದಿನೇಳನೆಯದರ ಬಾಯಿಯ ಹತ್ತಿರವೇ ಬಂದು ಕೂತಿತು.

ಒಟ್ಟು ನಲವತ್ತೊಂದು.

ಆಮೇಲೆ ಅವನ ಸರದಿ.
ಬರ್ನರಿನ ನಾಲಗೆ ಸಣ್ಣಗೆ ಮಾಡಿ
ಮೀನಿನ ಬೆನ್ನ ಮೇಲೆ ಅತ್ತಿತ್ತ ಓಡಾಡಿಸುತ್ತಾನೆ,
ಮಗುವಿಗೆ ಪುಡಿ ಹಚ್ಚಿದ ಹಾಗೆ.
ಮೊದಲು ಕಿತ್ತಳೆ.
ಪುನರ್ಪುಳಿ ಶರಬತ್ತಿನ ಕೆಂಪು.
ನೇರಳೆ ಹಣ್ಣು ತಿಂದ ನಾಲಗೆ.
ಆಮೇಲೆ, ಒಂದು ಉಸಿರಿನಷ್ಟು ಹೊತ್ತು,
ಬಲೆಯಿಂದ ಆಗಷ್ಟೇ ಬಿದ್ದದ್ದರ ನೀಲಿ.
ದಾಟಿದರೆ ಬೆಳ್ಳಿ, ಹಿತ್ತಾಳೆ,
ಕೊನೆಗೆ ಕರಕಲು ದೋಸೆ.

"ಬೆಂಕಿ ತೆಗೆದ ಮೇಲೂ ಬಣ್ಣ ನಡೀತಾ ಉಂಟು, ಬಾಯಮ್ಮ.
ನೀಲಿ ಬೇಕಾದರೆ ನೇರಳೆಯಲ್ಲೇ ಕೈ ಎಳೀಬೇಕು."
ನಾನೊಮ್ಮೆ ಕದ್ದು ಮಾಡಿ ಮೂರು ಮೀನು ಸುಟ್ಟಿದ್ದೆ.
ನಾಲ್ಕನೆಯದರ ಹೊಟ್ಟೆಯಲ್ಲಿ
ನನ್ನ ಹೆಬ್ಬೆರಳಿನ ಗೆರೆಗಳೆಲ್ಲ
ಬೆಂದು ಎದ್ದು ಕೂತಿದ್ದವು.

ಕಸ್ತೂರಿ ಪೈಗಳು ಬಂದರು. ಕನ್ನಡಕ ಏರಿಸಿದರು.
"ಯಾವ ಪೇಂಟು ಇದು?"
ಪೇಂಟಲ್ಲ, ತಾಮ್ರದ್ದೇ ಚರ್ಮ ಎಂದೆ.
ನಂಬಲಿಲ್ಲ, ಉಗುರಲ್ಲಿ ಕೆರೆದರು.
ಹದಿನೇಳನೆಯದನ್ನು ಓದಿ ನಕ್ಕೇ ನಕ್ಕರು:
"ನಮ್ಮ ಅತ್ತೆಗೆ ಇದ್ದ ಆಸ್ತಿ ಇದೊಂದೇ!"
ನಕ್ಕು ಮುಗಿದ ಮೇಲೂ
ಮೀನನ್ನು ಕೆಳಗಿಡಲಿಲ್ಲ.

ನಲವತ್ತಕ್ಕೆ ಮೆರುಗೆಣ್ಣೆ ಬಳಿದೆವು.
ಬಳಿದ ಕೂಡಲೆ ನೀಲಿ ಒಂದು ಮೆಟ್ಟಿಲು ಇಳಿಯುತ್ತದೆ,
ಅದು ಗೊತ್ತಿದ್ದದ್ದೇ.
ಇನ್ನೊಂದನ್ನು ಇದಿನಬ್ಬ ಎತ್ತಿ ಬದಿಗಿಟ್ಟ.
"ಒಂದು ಉಪ್ಪಿಗೆ ಇರಲಿ."
ಬೋಟಿನ ಕಾಲದ ಅಭ್ಯಾಸವೋ ಏನೋ, ಕೇಳಲಿಲ್ಲ.
ಯಾವುದು ಎಂದೂ ನೋಡಲಿಲ್ಲ.

ಅವರ ಮನೆ ಬೋಳಾರದಲ್ಲಿ, ಹೊಳೆಗೆ ಮುಖ ಮಾಡಿ.
ಆಟಿ ಕಳೆದು ಫೋನು ಬಂತು:
"ಹದಿನೇಳನೆಯದಕ್ಕೆ ಹಸಿರು ಹಿಡಿದಿದೆ.
ಚುಕ್ಕಿಗಳಿಂದಲೇ ಶುರು. ಅಕ್ಷರ ದೂರಕ್ಕೆ ಕಾಣ್ತದೆ ಈಗ.
ಹುಣಸೆ ಹಾಕಿ ಉಜ್ಜಲಾ, ಬಿಡಲಾ?"

ಇದಿನಬ್ಬನಿಗೆ ಹೇಳಿದೆ.
ಬರ್ನರು ಆರಿಸದೆಯೇ ಕೇಳಿದ,
"ಯಾವ ಹಸಿರಂತೆ?"

ಬಸಳೆಯದ್ದಾ ಎಂದೆ ಫೋನಿನಲ್ಲಿ. ಅಲ್ಲವಂತೆ.
ಪಾಚಿಯದ್ದು? ಅದೂ ಅಲ್ಲ.
ಗಿಳಿ, ಎಳೆ ಮಾವು, ಪೊಲೀಸ್ ಸ್ಟೇಷನ್ನಿನ ಬಾಗಿಲು?
"ಹೇಳಲಿಕ್ಕೆ ಬರುವುದಿಲ್ಲ ಮಾರಾಯ್ತಿ."

ಗಂಟೆ ಹತ್ತೂವರೆ.
ನೆಲದ ಮೇಲೆ ಚೌಕದ ಬಿಸಿಲು ಬಿದ್ದಿತ್ತು.
ಅವನು ಅದನ್ನೇ ನೋಡುತ್ತ, ಗಡ್ಡ ತುರಿಸಿ,
"ಉಜ್ಜುವುದು ಬೇಡ ಅನ್ನಿ," ಎಂದ.
"ಒಮ್ಮೆ ಇಲ್ಲಿಗೆ ತರ್ಲಿಕ್ಕೆ ಹೇಳಿ."